ಒಂದೇ ಗೆರೆಯ ಮ್ಯಾಂಡೆಲ್‌ಬ್ರಾಟ್: ಬೆಲ್ಟಿಗೆ ನೇತುಬಿದ್ದ ಪ್ಲಾಟರ್ ಕಟ್ಟಿದ ವಿವರ

ಪೆನ್ನು ಒಮ್ಮೆ ಹಾಳೆ ಮುಟ್ಟಿದರೆ ಕೊನೆಯ ತನಕ ಎತ್ತಬಾರದು. ಗೆರೆ ತನ್ನನ್ನು ತಾನು ಎಲ್ಲೂ ದಾಟಬಾರದು. ಆ ಒಂದೇ ಗೆರೆಯಿಂದ, ಒಂದು ಚಿಕ್ಕ ಗಣಿತ ನಿಯಮದಿಂದ ಹುಟ್ಟುವ ಆಕಾರವಾದ ಮ್ಯಾಂಡೆಲ್‌ಬ್ರಾಟ್ ಗಣದ ಇಡೀ ಚಿತ್ರ ಮೂಡಬೇಕು. ಬಣ್ಣ ತುಂಬುವ ಹಾಗಿಲ್ಲ, ಒಂದರ ಮೇಲೊಂದು ಗೀಚಿ ಕಪ್ಪು ಮಾಡುವ ಹಾಗೂ ಇಲ್ಲ. ಈ ಕೆಲಸಕ್ಕೆ ನಾನು ಹಾಕಿಕೊಂಡ ಷರತ್ತುಗಳು ಇವು. ಪೆನ್ನು ಹಿಡಿದು ಗೆರೆ ಎಳೆಯುವ ಯಂತ್ರ, ಅಂದರೆ ಪ್ಲಾಟರ್, ಹೇಗಿರಬೇಕು, ಪ್ರೋಗ್ರಾಂ ಹೇಗಿರಬೇಕು, ಯಾವ ಪೆನ್ನು, ಯಾವ ಹಾಳೆ ಅನ್ನೋದನ್ನೆಲ್ಲ ಈ ಷರತ್ತುಗಳೇ ತೀರ್ಮಾನಿಸಿದವು.

ಕಂಪ್ಯೂಟರ್ ಪರದೆಯ ಮೇಲೆ ಮ್ಯಾಂಡೆಲ್‌ಬ್ರಾಟ್ ಚಿತ್ರ ನೋಡಿದವರಿಗೆ ಗೊತ್ತು. ಹತ್ತಿರ ಹೋದಷ್ಟೂ ಹೊಸ ವಿವರ ಬರುತ್ತಲೇ ಇರುತ್ತದೆ. ಕಾಗದದ ಮೇಲೆ ಹಾಗಲ್ಲ. ಪೆನ್ನಿನ ಮೊನೆಗೆ ಒಂದು ಅಗಲ ಇದೆ, ಕಾಗದಕ್ಕೆ ನಾರು ಇದೆ, ಮೋಟರಿಗೆ ನಡುಕ ಇದೆ. ಎಷ್ಟನೇ ಹಂತಕ್ಕೆ ನಿಲ್ಲಿಸಬೇಕು ಅನ್ನೋದನ್ನು ಗಣಿತ ಹೇಳುವುದಿಲ್ಲ. ನಾವೇ ಹೇಳಬೇಕು. ಈ ಕೆಲಸದಲ್ಲಿ ಕಲೆ ಅನ್ನುವುದು ಇದ್ದರೆ ಅದು ಆ ತೀರ್ಮಾನದಲ್ಲೇ ಇದೆ ಅಂತ ನನ್ನ ನಂಬಿಕೆ.

ಪ್ರಿಂಟರ್ ಇರುವಾಗ ಪ್ಲಾಟರ್ ಯಾಕೆ ಅಂತ ಕೇಳಬಹುದು. ಪ್ರಿಂಟರ್ ಚುಕ್ಕಿ ಹಾಕುತ್ತದೆ, ಪ್ಲಾಟರ್ ಗೆರೆ ಎಳೆಯುತ್ತದೆ. ಗೆರೆಗೆ ಆರಂಭ ಇದೆ, ದಿಕ್ಕು ಇದೆ, ತಿರುವಿನಲ್ಲಿ ಕೊಂಚ ಜಾಸ್ತಿ ಇಳಿದ ಶಾಯಿ ಇದೆ. ಕಂಪ್ಯೂಟರ್ ಕಲೆ ಶುರುವಾದದ್ದೂ ಹೀಗೇ. 1965ರಲ್ಲಿ ಜರ್ಮನಿಯಲ್ಲಿ ಗಿಯೋರ್ಗ್ ನೀಸ್ ಮತ್ತು ಫ್ರೀಡರ್ ನಾಕೆ ತಮ್ಮ ಪ್ಲಾಟರ್ ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟರು. ಇಬ್ಬರೂ ಬಳಸಿದ್ದು ಜೂಸ್ ಕಂಪನಿಯ ಗ್ರಾಫೋಮ್ಯಾಟ್ ಅನ್ನುವ ಪ್ಲಾಟರ್. ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ವೆರಾ ಮೋಲ್ನಾರ್ 1968ರಿಂದ ಕಂಪ್ಯೂಟರ್ ಹಿಡಿದು ಚಿತ್ರ ಮಾಡಿದರು. ಅವರ ಗೆರೆಗಳನ್ನು ನೋಡಿದರೆ ಯಂತ್ರದ ಕೈ ಕಾಣುತ್ತದೆ. ನನಗೆ ಬೇಕಿದ್ದದ್ದೂ ಅದೇ.

ಹಲಗೆ, ಮೋಟರ್, ಬೆಲ್ಟ್

ಯಂತ್ರ ತುಂಬಾ ಸರಳ. ಒಂದು ಪ್ಲೈವುಡ್ ಹಲಗೆ. ಮೇಲಿನ ಎರಡು ಮೂಲೆಗೆ ಎರಡು ಸ್ಟೆಪರ್ ಮೋಟರ್, ಅಂದರೆ ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರ್. ಎರಡು ಮೋಟರಿನಿಂದಲೂ ಹಲ್ಲಿನ ಬೆಲ್ಟ್ ಇಳಿದು ಬಂದು ಪೆನ್ನು ಹಿಡಿದ ಗಾಡಿಯನ್ನು ಹೊತ್ತಿರುತ್ತದೆ. ಒಂದು ಬೆಲ್ಟ್ ಎಳೆದು ಇನ್ನೊಂದನ್ನು ಬಿಟ್ಟರೆ ಗಾಡಿ ಪಕ್ಕಕ್ಕೆ ಸರಿಯುತ್ತದೆ. ಎರಡನ್ನೂ ಬಿಟ್ಟರೆ ಕೆಳಗಿಳಿಯುತ್ತದೆ. ಹಳಿ ಬೇಡ, ಚೌಕಟ್ಟು ಬೇಡ. ದೊಡ್ಡ ಹಾಳೆಗೆ ಇಷ್ಟು ಕಡಿಮೆ ಖರ್ಚಿನ ಯಂತ್ರ ಬೇರೆ ಇಲ್ಲ.

ಮೋಟರುಗಳು ನೆಮಾ 17 ಅಳತೆಯವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯವೇ ಸಿಕ್ಕಿದವು. ಒಂದು ಸುತ್ತಿಗೆ 200 ಹೆಜ್ಜೆ. ಮೋಟರಿಗೆ ಕರೆಂಟ್ ಕೊಡುವ ಎ4988 ಡ್ರೈವರ್ ಬೋರ್ಡಿನ ಕೆಳಗಿನ ಮೂರೂ ಜಂಪರ್ ಹಾಕಿದರೆ ಒಂದೊಂದು ಹೆಜ್ಜೆ ಹದಿನಾರು ತುಂಡಾಗುತ್ತದೆ. ಅಂದರೆ ಸುತ್ತಿಗೆ 3200. ಜಿಟಿ2 ಬೆಲ್ಟಿನ ಹಲ್ಲು 2 ಮಿ.ಮೀ.ಗೆ ಒಂದು, ಪುಲ್ಲಿಗೆ 20 ಹಲ್ಲು. ಒಂದು ಸುತ್ತಿಗೆ 40 ಮಿ.ಮೀ. ಬೆಲ್ಟ್ ಸರಿಯುತ್ತದೆ. 3200 ಭಾಗಿಸು 40, ಅಂದರೆ ಮಿಲಿಮೀಟರಿಗೆ 80 ಹೆಜ್ಜೆ. ಈ ಒಂದು ಸಂಖ್ಯೆಯನ್ನು ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಓಡುತ್ತಾ ಮೋಟರುಗಳನ್ನು ನಡೆಸುವ ಜಿಆರ್‌ಬಿಎಲ್ ಫರ್ಮ್‌ವೇರಿಗೆ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಡ್ರೈವರಿನ ಕರೆಂಟ್ ಮಿತಿಯನ್ನು ಮೊದಲೇ ಸರಿ ಮಾಡಿಕೊಳ್ಳಿ. ಬೋರ್ಡಿನ ಮೇಲಿನ ಸಣ್ಣ ರೆಸಿಸ್ಟರ್ 0.1 ಓಮ್ ಆಗಿದ್ದರೆ ತಿರುಪಿನ ಹತ್ತಿರ 0.8 ವೋಲ್ಟ್ ಇಟ್ಟರೆ 1 ಆಂಪಿಯರ್ ಸಿಗುತ್ತದೆ. ಎಲ್ಲ ಬೋರ್ಡಿನಲ್ಲೂ ಅದೇ ರೆಸಿಸ್ಟರ್ ಇರುವುದಿಲ್ಲ, ಭೂತಗನ್ನಡಿ ಹಿಡಿದು ಓದಿ. ಇನ್ನೊಂದು ಮುಖ್ಯ ವಿಷಯ. ಜಿಆರ್‌ಬಿಎಲ್ ಮಾಮೂಲಿಯಾಗಿ ಕೆಲಸ ನಿಂತ ಕೂಡಲೇ ಮೋಟರಿನ ಹಿಡಿತ ಬಿಡುತ್ತದೆ. ಮೇಜಿನ ಮೇಲಿನ ಯಂತ್ರಕ್ಕೆ ಅದು ಸರಿ. ಇಲ್ಲಿ ಗಾಡಿ ಜಾರಿ ಕೆಳಗೆ ಬೀಳುತ್ತದೆ. ಸ್ಟೆಪ್ ಐಡಲ್ ಡಿಲೇ ಅನ್ನುವ ಸೆಟ್ಟಿಂಗನ್ನು 255 ಮಾಡಿದರೆ ಹಿಡಿತ ಯಾವಾಗಲೂ ಇರುತ್ತದೆ.

ಬೆಲ್ಟಿನ ಆ ಕಡೆ ತುದಿಗೆ ನಟ್ಟು ಬೋಲ್ಟು ತುಂಬಿದ ಸಣ್ಣ ಚೀಲ ಕಟ್ಟಿದ್ದೇನೆ. ಅದು ಬೆಲ್ಟನ್ನು ಪುಲ್ಲಿಯ ಹಲ್ಲಿಗೆ ಒತ್ತಿ ಹಿಡಿಯುತ್ತದೆ. ಇಲ್ಲದಿದ್ದರೆ ಹಲ್ಲು ಹಾರುತ್ತದೆ.

ಎರಡು ಮೋಟರಿನ ನಡುವೆ 1000 ಮಿ.ಮೀ. ದೂರ. ಚಿತ್ರದ ಜಾಗ 512 ಮಿ.ಮೀ. ಚೌಕ. 512 ಯಾಕೆ ಅಂದರೆ ಅದು ಎರಡರ ಒಂಬತ್ತನೇ ಘಾತ, ಮುಂದೆ ಬೇಕಾಗುತ್ತದೆ. ಫುಲ್ ಇಂಪೀರಿಯಲ್ ಹಾಳೆ 22 ಇಂಚು ಅಗಲ, 30 ಇಂಚು ಉದ್ದ. ಅದರಲ್ಲಿ ಈ ಚೌಕ ಆರಾಮಾಗಿ ಕೂರುತ್ತದೆ. ಚೌಕದ ಮೇಲಂಚನ್ನು ಮೋಟರಿನ ಮಟ್ಟಕ್ಕಿಂತ 300 ಮಿ.ಮೀ. ಕೆಳಗೆ ಇಟ್ಟೆ. ಇದನ್ನು ಸುಮ್ನೆ ಇಟ್ಟದ್ದಲ್ಲ. ಗಾಡಿ ಮೇಲೆ ಹೋದಷ್ಟೂ ಬೆಲ್ಟುಗಳು ಅಡ್ಡಡ್ಡ ಆಗುತ್ತವೆ, ಬಿಗಿತ ಏರುತ್ತದೆ. ನಡುವಿನಲ್ಲಿ, 100 ಮಿ.ಮೀ. ಮಾತ್ರ ಕೆಳಗೆ ಇದ್ದರೆ ಒಂದೊಂದು ಬೆಲ್ಟಿನ ಮೇಲೆ ಗಾಡಿಯ ತೂಕದ ಎರಡೂವರೆ ಪಟ್ಟು ಎಳೆತ. 300 ಮಿ.ಮೀ. ಕೆಳಗೆ ಅದು ಹೆಚ್ಚುಕಡಿಮೆ ಗಾಡಿಯ ತೂಕದಷ್ಟೇ. ಪಕ್ಕದ ಅಂಚುಗಳ ತೀರಾ ಹತ್ತಿರವೂ ಹೋಗಬಾರದು. ಅಲ್ಲಿ ಒಂದು ಬೆಲ್ಟ್ ಸಡಿಲವಾಗಿ ಗಾಡಿ ಓಲಾಡುತ್ತದೆ.

ಗಾಡಿಯಲ್ಲಿ ಜಾಣತನ ಬೇಕಾದ ಜಾಗ ಒಂದೇ. ಎರಡೂ ಬೆಲ್ಟ್ ಎಳೆಯುವ ರೇಖೆ ಸರಿಯಾಗಿ ಪೆನ್ನಿನ ಮೊನೆಯಲ್ಲೇ ಕೂಡಬೇಕು. ಹಾಗಾಗಿ 6803 ನಂಬರಿನ ಎರಡು ಬೇರಿಂಗ್ ತೆಗೆದುಕೊಂಡೆ. ಒಳತೂತು 17 ಮಿ.ಮೀ., ಪೆನ್ನು ಸಲೀಸಾಗಿ ತೂರುತ್ತದೆ. ಹತ್ತಿರದ ಲೇತ್ ಅಂಗಡಿಯಲ್ಲಿ ಒಂದು ನೈಲಾನ್ ಕೊಳವೆ ಕಡೆಸಿ, ಅದರ ಮೇಲೆ ಎರಡೂ ಬೇರಿಂಗ್ ಕೂರಿಸಿದೆ. ಒಂದೊಂದು ಬೇರಿಂಗಿನ ಹೊರಬಳೆಗೆ ಒಂದೊಂದು ಬೆಲ್ಟ್. ಪೆನ್ನು ಕೊಳವೆಯ ಒಳಗೆ. ಗಾಡಿ ಎಲ್ಲೇ ಇರಲಿ, ಬೆಲ್ಟುಗಳು ಮೊನೆಯ ಕಡೆಗೇ ತಿರುಗಿ ನಿಲ್ಲುತ್ತವೆ.

ಪೆನ್ನು ಎತ್ತುವ ಸರ್ವೋ ಮೋಟರ್ ಇಲ್ಲ. ಪೆನ್ನು ಎತ್ತುವುದೇ ಇಲ್ಲ ಅಂದ ಮೇಲೆ ಅದು ಯಾಕೆ? ಒಂದು ತಂತಿ ಕಡಿಮೆ, ಗಾಡಿಯ ತೂಕವೂ ಕಡಿಮೆ.

ಬೆಲ್ಟಿನ ಲೆಕ್ಕ

ಎಡ ಮೋಟರಿನಿಂದ ಅಡ್ಡ ದೂರ ‘ಅ’, ಕೆಳಕ್ಕೆ ದೂರ ‘ಇ’ ಆಗಿದ್ದರೆ ಪೈಥಾಗರಸ್ ಸಾಕು:

ಎಡ ಬೆಲ್ಟ್ = √(ಅ² + ಇ²)
ಬಲ ಬೆಲ್ಟ್ = √((1000 − ಅ)² + ಇ²)

ಚಿತ್ರದ ನಟ್ಟನಡುವೆ ಅ = 500, ಇ = 556. ಎರಡೂ ಬೆಲ್ಟ್ 747.75 ಮಿ.ಮೀ. ಬರುತ್ತವೆ. ಈ ಲೆಕ್ಕವನ್ನು ಲ್ಯಾಪ್‌ಟಾಪಿನ ಪೈಥಾನ್ ಪ್ರೋಗ್ರಾಂ ಮಾಡುತ್ತದೆ. ಜಿಆರ್‌ಬಿಎಲ್‌ಗೆ ಹೋಗುವುದು ಬೆಲ್ಟಿನ ಉದ್ದ ಮಾತ್ರ. ಅದರ ಪಾಲಿಗೆ ಇವು ಮಾಮೂಲಿ ಎರಡು ಅಕ್ಷಗಳು. ಊನೋದಲ್ಲಿ ಇರುವುದು 2 ಕಿಲೋಬೈಟ್ ರ‍್ಯಾಮ್, ಅದಕ್ಕೆ ಇದಕ್ಕಿಂತ ಜಾಸ್ತಿ ಭಾರ ಹೊರಿಸದಿರುವುದೇ ಒಳ್ಳೆಯದು.

ಇಲ್ಲೊಂದು ಸೊಗಸಾದ ವಿಷಯ ಇದೆ. ಎರಡು ಬೆಲ್ಟೂ ಸಮವೇಗದಲ್ಲಿ ಓಡಿದರೆ ಪೆನ್ನು ನೇರ ಗೆರೆ ಎಳೆಯುವುದಿಲ್ಲ, ಕೆಳಕ್ಕೆ ಜೋತುಬಿದ್ದ ಬಾಗು ಎಳೆಯುತ್ತದೆ. ಚಿತ್ರದ ಈ ಅಂಚಿನಿಂದ ಆ ಅಂಚಿಗೆ 512 ಮಿ.ಮೀ. ಗೆರೆಯನ್ನು ಒಂದೇ ಏಟಿಗೆ ಎಳೆಸಿದರೆ ನಡುವಿನಲ್ಲಿ 33 ಮಿ.ಮೀ. ಕೆಳಗಿಳಿಯುತ್ತದೆ. ದೊಡ್ಡ ತಪ್ಪೇ. ಆದರೆ ಈ ತಪ್ಪು ಗೆರೆಯ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 16 ಮಿ.ಮೀ. ಗೆರೆಯಲ್ಲಿ ಅದು ಬರೀ 0.03 ಮಿ.ಮೀ. ನನ್ನ ಚಿತ್ರದಲ್ಲಿ ಗೆರೆಯ ತುಂಡುಗಳೆಲ್ಲ ಹೆಚ್ಚುಕಡಿಮೆ 16 ಮಿ.ಮೀ. ಒಳಗೇ. ಹಾಗಾಗಿ ಗೆರೆಯನ್ನು ಮತ್ತೆ ಚೂರು ಮಾಡುವ ಕೋಡೇ ಬೇಕಾಗಲಿಲ್ಲ. ನೇತುಬಿದ್ದ ಪ್ಲಾಟರ್ ಮತ್ತು ಜಾಗ ತುಂಬುವ ಗೆರೆ (ಮುಂದೆ ಬರುವ ಹಿಲ್ಬರ್ಟ್ ಗೆರೆ), ಇವೆರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ.

ಅಳತೆ ಸರಿ ಇದೆಯಾ ಅಂತ ನೋಡುವುದಕ್ಕೆ ಮಾತ್ರ ಉದ್ದ ಗೆರೆ ಬೇಕು. ಚೂರುಚೂರು ಮಾಡಿದ 400 ಮಿ.ಮೀ. ಚೌಕ ಎಳೆಸಿ ಎರಡು ಕರ್ಣ ಅಳೆಯಿರಿ. ಎರಡೂ 565.7 ಬರಬೇಕು. ಬರದಿದ್ದರೆ ಮೋಟರುಗಳ ನಡುವಿನ ದೂರವನ್ನು ಇನ್ನೊಮ್ಮೆ ಅಳೆಯಿರಿ.

ಹಿಲ್ಬರ್ಟ್ ಗೆರೆ

1890ರಲ್ಲಿ ಇಟಲಿಯ ಜುಸೆಪ್ಪೆ ಪಿಯಾನೊ ಒಂದು ಚೌಕದ ಪ್ರತಿ ಬಿಂದುವನ್ನೂ ಮುಟ್ಟುವ ಗೆರೆ ಇದೆ ಅಂತ ತೋರಿಸಿದ. ಮಾರನೇ ವರ್ಷ ಜರ್ಮನಿಯ ಡೇವಿಡ್ ಹಿಲ್ಬರ್ಟ್ ಅದಕ್ಕೆ ಇನ್ನೂ ಸರಳವಾದ ರೂಪ ಕೊಟ್ಟ, ಚಿತ್ರವನ್ನೂ ಬಿಡಿಸಿದ. ಎಂಥ ವಿಚಿತ್ರ ಅಲ್ವಾ? ಗೆರೆಗೆ ಅಗಲವೇ ಇಲ್ಲ, ಆದರೂ ಅದು ಚೌಕವನ್ನು ತುಂಬಿಬಿಡುತ್ತದೆ.

ಕಟ್ಟುವ ಕ್ರಮ ಹೀಗೆ. ಚೌಕವನ್ನು ನಾಲ್ಕು ಮನೆ ಮಾಡಿ. ಕೆಳಗಿನ ಎಡ, ಮೇಲಿನ ಎಡ, ಮೇಲಿನ ಬಲ, ಕೆಳಗಿನ ಬಲ. ಈ ಕ್ರಮದಲ್ಲಿ ನಡೆಯಿರಿ. ಈಗ ಪ್ರತಿ ಮನೆಯ ಒಳಗೂ ಅದೇ ನಡಿಗೆಯನ್ನು ಚಿಕ್ಕದಾಗಿ ಇಡಿ. ನಡುವಿನ ಎರಡು ಮನೆಗಳಲ್ಲಿ ಇದ್ದ ಹಾಗೇ ಇಡಿ. ಮೊದಲನೆಯ ಮನೆಯಲ್ಲಿ ಒಂದು ಕರ್ಣದ ಮೇಲೆ, ಕೊನೆಯ ಮನೆಯಲ್ಲಿ ಇನ್ನೊಂದು ಕರ್ಣದ ಮೇಲೆ ಮಗುಚಿ. ಆಗ ಒಂದು ಮನೆಯ ಕೊನೆ ಮುಂದಿನ ಮನೆಯ ಮೊದಲಿಗೆ ತಾಗಿಕೊಳ್ಳುತ್ತದೆ. ಇಷ್ಟೇ ನಿಯಮ. ಪೈಥಾನಿನಲ್ಲಿ ತನ್ನನ್ನು ತಾನು ಕರೆಯುವ ಒಂದು ಸಣ್ಣ ಫಂಕ್ಷನ್.

ನಿಯಮದಿಂದ ಗೆರೆ ಹುಟ್ಟಿಸುವುದು ನಮ್ಮ ಕಡೆಗೆ ಹೊಸದಲ್ಲ. ಚುಕ್ಕಿಯ ಸುತ್ತ ಬಳಸಿಕೊಂಡು ಹೋಗುವ ಎಳೆ ರಂಗೋಲಿ ಹಾಕುವವರು ಅದನ್ನು ಕೈಯಲ್ಲೇ ಮಾಡುತ್ತಾರೆ. ನಾಲ್ಕು ಚುಕ್ಕಿಗೆ ಕಲಿತದ್ದನ್ನು ಹದಿನಾರು ಚುಕ್ಕಿಗೆ ಹಿಗ್ಗಿಸುತ್ತಾರೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1970ರ ದಶಕದಲ್ಲಿ ತಮಿಳುನಾಡಿನ ಕೋಲಂಗಳಿಗೆ ವ್ಯಾಕರಣ ಬರೆದರು, ಕಂಪ್ಯೂಟರ್ ವಿಜ್ಞಾನದ ಅರ್ಥದ ವ್ಯಾಕರಣ. ಮನೆ ಮುಂದೆ ದಿನಾ ಬೆಳಗ್ಗೆ ಬರೆದು ಸಂಜೆಗೆ ಅಳಿಸಿಹೋಗುವ ಗೆರೆಯನ್ನು ಅಷ್ಟು ಗೌರವದಿಂದ ನೋಡಿದ ಆ ಕೆಲಸ ನನಗೆ ತುಂಬಾ ಇಷ್ಟ.

ಈಗ ಸಂಖ್ಯೆಗಳು. ಚೌಕವನ್ನು ಒಮ್ಮೆ ನಾಲ್ಕು ಮನೆ ಮಾಡಿದರೆ ಒಂದನೇ ಹಂತ, ಆ ಮನೆಗಳನ್ನು ಮತ್ತೆ ನಾಲ್ಕು ನಾಲ್ಕು ಮಾಡಿದರೆ ಎರಡನೇ ಹಂತ, ಹೀಗೆ ಮುಂದಕ್ಕೆ. 512 ಮಿ.ಮೀ. ಚೌಕದಲ್ಲಿ ಐದನೇ ಹಂತಕ್ಕೆ ಮನೆಯ ಅಗಲ 16 ಮಿ.ಮೀ. ಆರಕ್ಕೆ 8, ಏಳಕ್ಕೆ 4, ಎಂಟಕ್ಕೆ 2, ಒಂಬತ್ತಕ್ಕೆ 1. ಇಡೀ ಹಾಳೆಯನ್ನು ಒಂಬತ್ತನೇ ಹಂತದಲ್ಲಿ ತುಂಬಿದರೆ ಗೆರೆಯ ಉದ್ದ 262 ಮೀಟರ್. ಒಂದು ಹಂತ ಏರಿದರೆ ಉದ್ದ ಎರಡು ಪಟ್ಟು. ಅಂದರೆ ಶಾಯಿಯೂ ಎರಡು ಪಟ್ಟು. ಕಾಗದದ ಮೇಲೆ 0.35 ಮಿ.ಮೀ. ಅಗಲ ಬರುವ ಪೆನ್ನಾದರೆ ಐದನೇ ಹಂತದಲ್ಲಿ ಹಾಳೆಯ ನೂರಕ್ಕೆ 2 ಭಾಗ ಕಪ್ಪು. ಆಮೇಲೆ 4, 9, 17, 35. ಕಪ್ಪು ಬಣ್ಣದ ಐದು ಛಾಯೆ ಸಿಕ್ಕಿತು. ಛಾಯೆ ಬೇಕಾದ ಕಡೆ ಹಂತ ಏರಿಸಿದರೆ ಸಾಕು, ಗೆರೆ ಮುರಿಯುವುದೇ ಇಲ್ಲ.

ಹತ್ತನೇ ಹಂತ ಯಾಕೆ ಬೇಡ? ಅಲ್ಲಿ ಗೆರೆಗಳ ನಡುವಿನ ದೂರ ಅರ್ಧ ಮಿ.ಮೀ. ಲೆಕ್ಕದ ಪ್ರಕಾರ ನೂರಕ್ಕೆ 70 ಕಪ್ಪು. ಆದರೆ ಗಾಡಿಯ ನಡುಕವೇ ಕಾಲು ಮಿಲಿಮೀಟರ್ ಹತ್ತಿರ ಇದೆ. ಪಕ್ಕಪಕ್ಕದ ಗೆರೆಗಳು ಕೂಡಿಕೊಂಡು ಬರೀ ಕಪ್ಪು ಮಚ್ಚೆ ಆಗುತ್ತದೆ. ಹಾಳೆಯ ತುಂಡೊಂದರಲ್ಲಿ ಪಟ್ಟಿ ಎಳೆಸಿ ನೋಡಿದೆ. ದೂರದಿಂದ ಕಪ್ಪು ಚೆನ್ನಾಗೇ ಇದೆ. ಹತ್ತಿರ ಹೋದರೆ ಅಲ್ಲಿ ಗೆರೆ ಅನ್ನುವುದು ಸತ್ತುಹೋಗಿದೆ. ಜೊತೆಗೆ ಒದ್ದೆ ಕಾಗದದ ಮೇಲೆ ಮೊನೆ ಮತ್ತೆ ಮತ್ತೆ ಹಾದು ನಾರು ಏಳುತ್ತದೆ. ಹಾಗಾಗಿ ಒಂಬತ್ತಕ್ಕೆ ನಿಲ್ಲಿಸಿದೆ. ಕಣ್ಣು ಹಾಳೆಯ ಹತ್ತಿರ ಬಂದಾಗಲೂ ಒಂದೊಂದು ಗೆರೆ ಬೇರೆಬೇರೆ ಕಾಣಬೇಕು ಅನ್ನುವುದು ನನ್ನ ಹಟ.

ಎಲ್ಲಿ ದಟ್ಟ, ಎಲ್ಲಿ ತೆಳು

ಮ್ಯಾಂಡೆಲ್‌ಬ್ರಾಟ್ ಗಣದ ನಿಯಮ ಇನ್ನೂ ಚಿಕ್ಕದು. ಸಮತಲದ ಒಂದು ಬಿಂದುವನ್ನು ಸಮ್ಮಿಶ್ರ ಸಂಖ್ಯೆ (ಅಡ್ಡ ಅಳತೆ, ಉದ್ದ ಅಳತೆ ಎರಡನ್ನೂ ಒಟ್ಟಿಗೆ ಹಿಡಿದ ಸಂಖ್ಯೆ) ಅಂತ ತೆಗೆದುಕೊಳ್ಳಿ. ಸೊನ್ನೆಯಿಂದ ಶುರು ಮಾಡಿ. ವರ್ಗ ಮಾಡಿ, ಆ ಬಿಂದುವನ್ನು ಕೂಡಿ. ಬಂದದ್ದನ್ನು ಮತ್ತೆ ವರ್ಗ ಮಾಡಿ, ಮತ್ತೆ ಕೂಡಿ. ಎಷ್ಟು ಸಲ ಮಾಡಿದರೂ ಸಂಖ್ಯೆ ಸೊನ್ನೆಯಿಂದ 2ರ ದೂರದ ಒಳಗೇ ಉಳಿದರೆ ಬಿಂದು ಗಣದ ಒಳಗೆ. ಒಮ್ಮೆ 2 ದಾಟಿತೋ, ಮತ್ತೆ ವಾಪಸ್ ಬರುವುದಿಲ್ಲ. ಬಿಂದು ಹೊರಗೆ.

ಇದರ ಮೊದಲ ಒರಟು ಚಿತ್ರವನ್ನು 1978ರಲ್ಲಿ ರಾಬರ್ಟ್ ಬ್ರೂಕ್ಸ್ ಮತ್ತು ಪೀಟರ್ ಮ್ಯಾಟೆಲ್‌ಸ್ಕಿ ನಕ್ಷತ್ರ ಚಿಹ್ನೆಗಳಲ್ಲಿ ಅಚ್ಚು ಮಾಡಿದರು. 1980ರಲ್ಲಿ ಐಬಿಎಂನ ಸಂಶೋಧನಾ ಕೇಂದ್ರದಲ್ಲಿ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಅದನ್ನು ಆಳವಾಗಿ ನೋಡಿದರು. ಫ್ರ್ಯಾಕ್ಟಲ್ ಅನ್ನುವ ಹೆಸರನ್ನು, ಹತ್ತಿರ ಹೋದಷ್ಟೂ ವಿವರ ಬರುತ್ತಲೇ ಇರುವ ಇಂಥ ಆಕಾರಗಳಿಗೆ, ಕೊಟ್ಟದ್ದೂ ಅವರೇ, 1975ರಲ್ಲಿ.

ನನ್ನ ಹಾಳೆಯಲ್ಲಿ 1ಕ್ಕೆ 200 ಮಿ.ಮೀ. ಅಳತೆ. ಅಡ್ಡಕ್ಕೆ −2.06ರಿಂದ 0.50ರ ತನಕ, ಉದ್ದಕ್ಕೆ −1.28ರಿಂದ 1.28ರ ತನಕ. ದೊಡ್ಡ ಹೃದಯದಾಕಾರ ಅಕ್ಷದ ಮೇಲೆ 200 ಮಿ.ಮೀ. ಬರುತ್ತದೆ, ಅದರ ಎಡಕ್ಕೆ ಅಂಟಿದ ವೃತ್ತ 100 ಮಿ.ಮೀ. ಗಣ ಹಿಡಿಯುವ ಜಾಗ ಚೌಕದ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ.

ಎಲ್ಲಿ ಗೆರೆ ದಟ್ಟ ಆಗಬೇಕು? ಎಲ್ಲರೂ ಗಣದ ಒಳಗನ್ನು ಕಪ್ಪು ಮಾಡುತ್ತಾರೆ. ನನಗೆ ಅದು ಬೇಡವಾಗಿತ್ತು. ಗಣದ ಜೀವ ಇರುವುದು ಅಂಚಿನಲ್ಲಿ. ಒಳಗೆ ಏನೂ ನಡೆಯುವುದಿಲ್ಲ, ದೂರ ಹೊರಗೂ ಏನೂ ನಡೆಯುವುದಿಲ್ಲ. ಆದ್ದರಿಂದ ಅಂಚಿಗೆ ಹತ್ತಿರ ಬಂದಷ್ಟೂ ಹಂತ ಏರಬೇಕು ಅಂತ ಇಟ್ಟುಕೊಂಡೆ. ಒಳಗಿನ ಜಾಗ ಬಿಳಿ ದ್ವೀಪದ ಹಾಗೆ ಉಳಿಯಲಿ.

ಅಂಚು ಎಲ್ಲಿದೆ ಅಂತ ಹುಡುಕುವುದು ಮೇಲುನೋಟಕ್ಕೆ ಸುಲಭ. ಒಂದು ಮನೆಯಲ್ಲಿ ಇಪ್ಪತ್ತೈದು ಬಿಂದು ಪರೀಕ್ಷಿಸಿ, ಕೆಲವು ಒಳಗೆ ಕೆಲವು ಹೊರಗೆ ಬಂದರೆ ಅಲ್ಲಿ ಅಂಚಿದೆ. ಆದರೆ ಎಡಕ್ಕೆ −2ರ ತನಕ ಚಾಚಿದ ಕೂದಲೆಳೆಯಂಥ ಕೊಂಬು ಈ ಬಲೆಗೆ ಬೀಳುವುದಿಲ್ಲ. ಅಲ್ಲಿ ಗಣ ಎಷ್ಟು ತೆಳು ಅಂದರೆ ಪರೀಕ್ಷೆಯ ಬಿಂದುಗಳೆಲ್ಲ ಅದರ ಅಕ್ಕಪಕ್ಕ ಬೀಳುತ್ತವೆ. ಸುತ್ತಲಿನ ಎಳೆಗಳ ಕಥೆಯೂ ಅಷ್ಟೇ. 1982ರಲ್ಲಿ ಅಡ್ರಿಯನ್ ಡುವಾಡಿ ಮತ್ತು ಜಾನ್ ಹಬರ್ಡ್ ಈ ಗಣ ಒಂದೇ ತುಂಡು ಅಂತ ಸಾಧಿಸಿದರು. ದೂರದಲ್ಲಿ ಕಾಣುವ ಪುಟ್ಟ ದ್ವೀಪಗಳೂ ಎಳೆಗಳ ಮೂಲಕ ದೊಡ್ಡದಕ್ಕೆ ಸೇರಿಕೊಂಡಿವೆ. ಎಳೆ ಕಾಣದ ಚಿತ್ರ ಆ ಸತ್ಯವನ್ನು ಬಿಟ್ಟುಬಿಟ್ಟ ಚಿತ್ರ.

ಇದಕ್ಕೆ ಮದ್ದು ದೂರದ ಅಂದಾಜು. ಲೆಕ್ಕ ಮಾಡುವಾಗ ಸಂಖ್ಯೆಯ ಜೊತೆಗೆ ಅದರ ವ್ಯುತ್ಪನ್ನವನ್ನೂ (ಬಿಂದು ಕೊಂಚ ಸರಿದರೆ ಸಂಖ್ಯೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ) ಹೊತ್ತುಕೊಂಡು ಹೋಗಬೇಕು. ಪ್ರತಿ ಸಲ: ಹೊಸ ವ್ಯುತ್ಪನ್ನ = 2 × ಹಳೆ ಸಂಖ್ಯೆ × ಹಳೆ ವ್ಯುತ್ಪನ್ನ + 1. ಸಂಖ್ಯೆ ಹೊರಗೆ ಓಡಿದ ಮೇಲೆ ಅದರ ಗಾತ್ರವನ್ನು ಆ ಗಾತ್ರದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ, ವ್ಯುತ್ಪನ್ನದ ಗಾತ್ರದಿಂದ ಭಾಗಿಸಿ. ಬರುವುದು ಆ ಬಿಂದುವಿನಿಂದ ಅಂಚಿಗೆ ಇರುವ ದೂರದ ಅಂದಾಜು. ಅಂಚಿನ ಹತ್ತಿರ ನಿಜವಾದ ದೂರ ಇದರ ಅರ್ಧಕ್ಕೂ ಎರಡರಷ್ಟಕ್ಕೂ ನಡುವೆಯೇ ಇರುತ್ತದೆ. ನನ್ನ ಕೆಲಸಕ್ಕೆ ಇಷ್ಟು ಬೇಕಾದಷ್ಟಾಯಿತು. ಒಂದು ಸೂಚನೆ: ಇಲ್ಲಿ 2 ದಾಟಿದ ಕೂಡಲೇ ನಿಲ್ಲಿಸಬೇಡಿ. 1000 ದಾಟುವ ತನಕ ಓಡಲು ಬಿಡಿ, ಅಂದಾಜು ಚೊಕ್ಕವಾಗುತ್ತದೆ. ನಾನು ಹೆಚ್ಚೆಂದರೆ 500 ಸಲ ಅಂತ ಮಿತಿ ಹಾಕಿದೆ.

ಕೊನೆಯ ನಿಯಮ ಹೀಗಾಯಿತು. ಹೊರಗಿನ ಮನೆಯ ನಡುಬಿಂದುವಿನಿಂದ ಅಂಚಿಗೆ ದೂರ ಆ ಮನೆಯ ಅಗಲದ ನಾಲ್ಕು ಪಟ್ಟಿಗಿಂತ ಕಡಿಮೆಯಿದ್ದರೆ ಮನೆಯನ್ನು ನಾಲ್ಕು ಮಾಡು. ನಾಲ್ಕರ ಬದಲು ಒಂದು ಅಂತ ಇಟ್ಟರೆ ಅಂಚಿನ ಸುತ್ತ ಒಂದು ಗಟ್ಟಿ ಕಪ್ಪು ದಾರ ಮಾತ್ರ ಬರುತ್ತದೆ. ಎಂಟು ಇಟ್ಟರೆ ಹಾಳೆ ತುಂಬಾ ಬೂದು. ನಾಲ್ಕಕ್ಕೆ ಕಪ್ಪು ನಿಧಾನವಾಗಿ ಬಿಳಿಗೆ ಇಳಿಯುತ್ತದೆ. ಇದು ಲೆಕ್ಕದಿಂದ ಬಂದ ಸಂಖ್ಯೆ ಅಲ್ಲ, ಪರದೆಯ ಮೇಲೆ ಮತ್ತೆ ಮತ್ತೆ ನೋಡಿ ಕಣ್ಣಿಗೆ ಒಪ್ಪಿದ ಸಂಖ್ಯೆ.

ಒಳಗಿನ ಮನೆಗಳಿಗೆ ಬೇರೆ ನಿಯಮ. ಪೂರ್ತಿ ಒಳಗಿದ್ದರೆ ಒಡೆಯಬೇಡ. ಆದರೆ ಅಕ್ಕಪಕ್ಕದ ಎರಡು ಮನೆಗಳ ಹಂತದಲ್ಲಿ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಇದ್ದರೆ ದೊಡ್ಡದನ್ನು ಒಡೆ. ಹೀಗೆ ಮಾಡದಿದ್ದರೆ 16 ಮಿ.ಮೀ. ಮನೆಯ ಪಕ್ಕ 1 ಮಿ.ಮೀ. ಮನೆ ಬಂದು ಗೆರೆ ಅಸಹ್ಯವಾಗಿ ಜಿಗಿಯುತ್ತದೆ. ಇದರಿಂದ ಒಳಗಡೆ ಕಪ್ಪು ಚುರುಕಾಗಿ ಇಳಿಯಿತು, ಹೊರಗಡೆ ಮೆಲ್ಲಗೆ ಇಳಿಯಿತು. ಅಂಚಿಗೆ ಒಂದು ಉಬ್ಬು ಬಂದ ಹಾಗಾಯಿತು. ಚಿತ್ರದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಮನೆಗಳ ಗಾತ್ರ ಬೇರೆಬೇರೆ ಆದರೂ ಹಿಲ್ಬರ್ಟ್ ಕ್ರಮದಲ್ಲಿ ಒಂದರ ನಂತರ ಬರುವ ಎರಡು ಮನೆಗಳಿಗೆ ಒಂದು ಗೋಡೆ ಯಾವಾಗಲೂ ಸಮಾನ. ನಡುಬಿಂದುವಿನಿಂದ ನಡುಬಿಂದುವಿಗೆ ಎಳೆದ ಗೆರೆ ಆ ಸಮಾನ ಗೋಡೆಯನ್ನೇ ದಾಟುತ್ತದೆ, ಮೂರನೇ ಮನೆಗೆ ಕಾಲಿಡುವುದಿಲ್ಲ. ಕಾಗದದ ಮೇಲೆ ಒಂದು ದೊಡ್ಡ ಚೌಕ, ಪಕ್ಕಕ್ಕೆ ಒಂದು ಚಿಕ್ಕ ಚೌಕ ಬರೆದು ನೀವೇ ನೋಡಬಹುದು. ಹಾಗಾಗಿ ಗೆರೆ ತನ್ನನ್ನು ತಾನು ದಾಟುವುದಕ್ಕೆ ಸಾಧ್ಯವೇ ಇಲ್ಲ.

1990ರ ದಶಕದಲ್ಲಿ ಜಪಾನಿನ ಮಿತ್ಸುಹಿರೊ ಶಿಶಿಕುರಾ ಅವರ ಸಾಧನೆ ಪ್ರಕಟವಾಯಿತು: ಮ್ಯಾಂಡೆಲ್‌ಬ್ರಾಟ್ ಗಣದ ಅಂಚಿನ ಆಯಾಮ ಸರಿಯಾಗಿ 2. ಅಂಚು ಅನ್ನುವುದು ಗೆರೆ, ಆದರೂ ಆಯಾಮದಲ್ಲಿ ಅದು ಒಂದು ಹರವಿನಷ್ಟು. ಹಿಲ್ಬರ್ಟ್ ಗೆರೆಯ ಕೊನೆಯ ರೂಪದ ಆಯಾಮವೂ 2. ಆಯಾಮ 2ರ ಒಂದು ಗೆರೆಯಿಂದ ಆಯಾಮ 2ರ ಇನ್ನೊಂದು ಗೆರೆಯನ್ನು ಬರೆಯುತ್ತಿದ್ದೇನೆ. ಇದು ತಿಳಿದ ದಿನ ಈ ಚಿತ್ರವನ್ನು ಮಾಡಲೇಬೇಕು ಅನ್ನಿಸಿತು.

ಪೆನ್ನು, ನಡುಕ, ಕರೆಂಟು

ಜೆಲ್ ಪೆನ್ನು, ಬಾಲ್ ಪೆನ್ನು ಇಲ್ಲಿ ನಡೆಯುವುದಿಲ್ಲ. ನೆಟ್ಟಗಿರುವ ಹಲಗೆಯ ಮೇಲೆ ಪೆನ್ನು ಮಲಗಿಕೊಂಡಿರುತ್ತದೆ, ಶಾಯಿ ಮೊನೆಗೆ ಇಳಿಯುವುದಿಲ್ಲ. ನಾರಿನ ಮೊನೆಯ ಪಿಗ್ಮೆಂಟ್ ಪೆನ್ನಿನಲ್ಲಿ ನಾರೇ ಶಾಯಿಯನ್ನು ಎಳೆದುಕೊಳ್ಳುತ್ತದೆ. 0.3 ಅಂತ ಬರೆದ ಪೆನ್ನು ಕಾರ್ಟ್ರಿಡ್ಜ್ ಹಾಳೆಯ ಮೇಲೆ 0.35 ಮಿ.ಮೀ. ಗೆರೆ ಕೊಟ್ಟಿತು. ಹಲಗೆಯನ್ನು ಗೋಡೆಗೆ ಸ್ವಲ್ಪ ಹಿಂದಕ್ಕೆ ಒರಗಿಸಿದ್ದೇನೆ. ಗಾಡಿ ತನ್ನ ತೂಕದಿಂದಲೇ ಹಾಳೆಗೆ ತಾಗಿಕೊಂಡಿರುತ್ತದೆ. ಹಾಳೆಯ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಉಬ್ಬುತ್ತದೆ. ಹಿಂದಿನ ರಾತ್ರಿಯೇ ಹಾಳೆಯನ್ನು ಅದೇ ಕೋಣೆಯಲ್ಲಿ ಬಿಚ್ಚಿಟ್ಟರೆ ಕೆಲಸದ ನಡುವೆ ಅಷ್ಟು ಅಲುಗುವುದಿಲ್ಲ.

ಹಿಲ್ಬರ್ಟ್ ಗೆರೆಯಲ್ಲಿ ಹೆಜ್ಜೆಹೆಜ್ಜೆಗೂ ಲಂಬಕೋನದ ತಿರುವು. ಪ್ರತಿ ತಿರುವಿನಲ್ಲೂ ಗಾಡಿ ನಿಂತು ಹೊರಡುತ್ತದೆ. ನಿಂತಲ್ಲಿ ಶಾಯಿ ಚುಕ್ಕಿ, ಹೊರಟಲ್ಲಿ ನಡುಕ. ವೇಗವರ್ಧನೆಯನ್ನು ಸೆಕೆಂಡಿನ ವರ್ಗಕ್ಕೆ 50 ಮಿ.ಮೀ.ಗೆ ಇಳಿಸಿದಾಗ ನಡುಕ ತಗ್ಗಿತು. ಆದರೆ ಆ ಲೆಕ್ಕದಲ್ಲಿ 1 ಮಿ.ಮೀ. ತುಂಡಿನಲ್ಲಿ ಪೆನ್ನು ಮುಟ್ಟುವ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 7 ಮಿ.ಮೀ. ಮಾತ್ರ. ದಟ್ಟ ಜಾಗದಲ್ಲಿ ಯಂತ್ರ ತೆವಳುತ್ತದೆ.

ಇದಕ್ಕೆ ಸಿಕ್ಕ ಪರಿಹಾರ ಚಿತ್ರವನ್ನೂ ಚೆಂದ ಮಾಡಿತು. ಮನೆಯ ನಡುಬಿಂದುವಿಗೆ ಹೋಗುವುದೇ ಬೇಡ. ಒಂದು ಮನೆಗೆ ಒಳಬಂದ ಬಾಗಿಲಿನಿಂದ ಹೊರಹೋಗುವ ಬಾಗಿಲಿಗೆ ನೇರ ನಡೆದುಬಿಡು. ಬಾಗಿಲು ಅಂದರೆ ಗೆರೆ ಗೋಡೆ ದಾಟುವ ಬಿಂದು. ಈಗ 90 ಡಿಗ್ರಿಯ ತಿರುವುಗಳಲ್ಲಿ ಹಲವು 45ರ ಆಸುಪಾಸಿಗೆ ಇಳಿದವು. ಅಂಥ ಕಡೆ ಗಾಡಿ ಪೂರ್ತಿ ನಿಲ್ಲಬೇಕಾಗಿಲ್ಲ. ಚುಕ್ಕಿಗಳು ಕಡಿಮೆಯಾದವು, ಗೆರೆಗೆ ಹರಿವು ಬಂತು. ಗೆರೆ ಆಯಾ ಮನೆಯ ಒಳಗೇ ಇರುವುದರಿಂದ ದಾಟುವ ಭಯವೂ ಇಲ್ಲ.

ಒಟ್ಟು ಗೆರೆ ಸುಮಾರು 50 ಮೀಟರ್, ಬಿಂದುಗಳು ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಒಂದು ಹಾಳೆಗೆ ಎರಡು ಗಂಟೆಗೂ ಮೇಲೆ ಬೇಕು. ಅಷ್ಟು ಹೊತ್ತು ಕರೆಂಟ್ ಹೋಗದೆ ಇರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹೋದರೆ ಗಾಡಿ ಜಾರುತ್ತದೆ, ಜಾಗ ತಪ್ಪುತ್ತದೆ, ಹಾಳೆಯೂ ಹಾಳು. ಅದಕ್ಕೆ ಮೋಟರುಗಳನ್ನು 12 ವೋಲ್ಟಿನ, 7 ಆಂಪಿಯರ್ ಅವರ್ ಯುಪಿಎಸ್ ಬ್ಯಾಟರಿಯಿಂದಲೇ ಓಡಿಸುತ್ತೇನೆ. ಚಾರ್ಜರ್ ಪಕ್ಕದಲ್ಲಿ ಜೋಡಿಸಿಯೇ ಇರುತ್ತದೆ. ಪ್ರೋಗ್ರಾಂ ಎಷ್ಟನೇ ಬಿಂದುವಿನಲ್ಲಿದೆ ಅನ್ನುವ ಒಂದು ಸಂಖ್ಯೆಯನ್ನು ಫೈಲಿಗೆ ಬರೆಯುತ್ತಾ ಹೋಗುತ್ತದೆ. ಗೆರೆ ಒಂದೇ ಆದ್ದರಿಂದ ಎಲ್ಲಿದ್ದೇವೆ ಅಂತ ಹೇಳಲು ಒಂದೇ ಸಂಖ್ಯೆ ಸಾಕು. ಪೆನ್ನು ಬದಲಾಯಿಸುವುದಕ್ಕೂ ಅದೇ ಉಪಯೋಗ.

ಎರಡನೇ ಹಾಳೆಗೆ ಮೂರ್ ಗೆರೆ

ಹಿಲ್ಬರ್ಟ್ ಗೆರೆ ಒಂದು ಮೂಲೆಯಲ್ಲಿ ಶುರುವಾಗಿ ಇನ್ನೊಂದು ಮೂಲೆಯಲ್ಲಿ ಮುಗಿಯುತ್ತದೆ. ಎರಡು ತುದಿ ತೆರೆದೇ ಉಳಿಯುತ್ತವೆ. ಎಳೆ ರಂಗೋಲಿ ನೋಡಿ ಬೆಳೆದ ಕಣ್ಣಿಗೆ ಅದು ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ. 1900ರಲ್ಲಿ ಅಮೆರಿಕದ ಇ.ಎಚ್. ಮೂರ್ ಇದನ್ನು ಮುಚ್ಚಿದ ಸುತ್ತು ಮಾಡಿದ. ಅರ್ಧ ಅಳತೆಯ ನಾಲ್ಕು ಹಿಲ್ಬರ್ಟ್ ಗೆರೆಗಳು. ಎಡಗಡೆಯ ಎರಡು ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ, ಬಲಗಡೆಯ ಎರಡು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಆರಂಭವೂ ಕೊನೆಯೂ ಕೆಳಗಿನ ಅಂಚಿನ ನಡುವೆ ಪಕ್ಕಪಕ್ಕದ ಮನೆಗಳಲ್ಲಿ. ಪ್ರೋಗ್ರಾಂನಲ್ಲಿ ಮೊದಲ ಹಂತದ ನಾಲ್ಕು ಸಾಲು ಬದಲಿಸಿದರೆ ಸಾಕು, ಉಳಿದದ್ದೆಲ್ಲ ಹಾಗೇ.

ಇದರಿಂದ ಯಂತ್ರಕ್ಕೆ ಒಂದು ಪರೀಕ್ಷೆಯೂ ಸಿಕ್ಕಿತು. ಹಾಳೆಯಲ್ಲೆಲ್ಲ ಸುತ್ತಾಡಿದ ಪೆನ್ನು ಹೊರಟ ಬಿಂದುವಿಗೇ ವಾಪಸ್ ಬರಬೇಕು. ಮೋಟರ್ ಎಲ್ಲಾದರೂ ಹೆಜ್ಜೆ ತಪ್ಪಿಸಿದ್ದರೆ, ಬೆಲ್ಟ್ ಹಲ್ಲು ಹಾರಿಸಿದ್ದರೆ ತುದಿಗಳು ಕೂಡುವುದಿಲ್ಲ. ಒಂದು ಹಲ್ಲು ಹಾರಿದರೂ 2 ಮಿ.ಮೀ. ಬಿರುಕು, ಬರಿಗಣ್ಣಿಗೇ ಕಾಣುತ್ತದೆ. ಮೂರ್ ಗೆರೆಯ ಹಾಳೆಯಲ್ಲಿ ತುದಿಗಳು ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ಕೂಡಿದವು. ಉಳಿದ ಅಂತರ ಕಾಗದ ಹಿಗ್ಗಿದ್ದರಿಂದ ಬಂದದ್ದು ಅಂತ ನನ್ನ ಅಂದಾಜು. ಯಾಕೆಂದರೆ ಅದು ಹಾಳೆಯ ನಾರಿಗೆ ಅಡ್ಡವಾದ ದಿಕ್ಕಿನಲ್ಲೇ ಇದೆ. ಕಾಗದ ತೇವಕ್ಕೆ ಹೆಚ್ಚು ಹಿಗ್ಗುವುದೂ ಆ ದಿಕ್ಕಿನಲ್ಲೇ.

ಮುಂದಿನ ಹಾಳೆಗೆ ದೊಡ್ಡ ಹೃದಯಕ್ಕೂ ಎಡ ವೃತ್ತಕ್ಕೂ ನಡುವಿನ ಕಣಿವೆ ಆರಿಸಿದ್ದೇನೆ, −0.75 ಮತ್ತು 0.1ರ ಸುತ್ತಮುತ್ತ. ಅಲ್ಲಿ ಎಳೆಗಳು ಸುರುಳಿ ಸುತ್ತುತ್ತವೆ. 500 ಸಲದ ಮಿತಿ ಅಲ್ಲಿಗೆ ಸಾಲದು, 5000 ಇಟ್ಟು ಲೆಕ್ಕ ಓಡಿಸುತ್ತಿದ್ದೇನೆ. ನಾಲ್ಕು ಪಟ್ಟಿನ ನಿಯಮವನ್ನೂ ಎರಡೂವರೆಗೆ ಇಳಿಸಬೇಕಾಗಬಹುದು, ಇಲ್ಲದಿದ್ದರೆ ಹಾಳೆ ತುಂಬಾ ಅಂಚೇ ಆಗಿಬಿಡುತ್ತದೆ. ಪೆನ್ನು 0.2ರದ್ದು ತಂದಿಟ್ಟಿದ್ದೇನೆ.